ಲೇಸರ್ ನಂತರದ ಕಣ್ಣು: ನೋಟ ಬೇಗ, ಮಾಯುವುದು ನಿಧಾನ

ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಿ ಕಣ್ಣಿಗೆ ಲೇಸರ್ ಮಾಡಿಸಿಕೊಂಡವರು ಮರುದಿನ ಬೆಳಿಗ್ಗೆ ಎದ್ದರೆ ಗೋಡೆಯ ಕ್ಯಾಲೆಂಡರಿನ ಸಣ್ಣಕ್ಷರ ಕನ್ನಡಕವಿಲ್ಲದೆ ಕಾಣುತ್ತದೆ. ಶಾಲೆಯ ದಿನಗಳಿಂದ ದಪ್ಪ ಗಾಜಿನ ಹಿಂದೆ ಬದುಕಿದವರಿಗೆ ಆ ಖುಷಿ ಸಣ್ಣದಲ್ಲ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಎಲ್ಲ ಕಾಣುತ್ತದೆ ಅಂದಮೇಲೆ ಎಲ್ಲ ವಾಸಿಯಾಯಿತು ಎಂದು ಮನಸ್ಸು ಲೆಕ್ಕ ಹಾಕಿಬಿಡುತ್ತದೆ. "ಕಣ್ಣು ಛಲೋ ಕಾಣಾಕತ್ಯಾವು, ಇನ್ನ ಔಷಧ ಯಾಕ?" ಎಂಬ ಮಾತು ಇಳಕಲ್ಲಿನಲ್ಲೂ ಕೇಳುತ್ತದೆ, ಬಾದಾಮಿಯಲ್ಲೂ ಕೇಳುತ್ತದೆ. ವಾರ ತುಂಬುವುದರೊಳಗೆ ಬೈಕ್ ಹೊರಬೀಳುತ್ತದೆ, ಹನಿ ಔಷಧದ ಬಾಟಲಿ ಕಪಾಟು ಸೇರುತ್ತದೆ. ಆಮೇಲೆ ಕೆಂಪು, ಉರಿ, ಗಾಬರಿ.

ನೋಟ ಬರುವುದಕ್ಕೂ ಗಾಯ ಮಾಯುವುದಕ್ಕೂ ನಡುವೆ ವಾರಗಳ, ಕೆಲವೊಮ್ಮೆ ತಿಂಗಳುಗಳ ಅಂತರವಿದೆ. ಆ ಅಂತರವನ್ನು ಜೋಪಾನವಾಗಿ ದಾಟುವುದು ಹೇಗೆಂದು ಇಲ್ಲಿ ನೋಡೋಣ. ಆಸ್ಪತ್ರೆಯವರು ಕೊಡುವ ಸೂಚನೆಯ ಹಾಳೆ ಸಾಮಾನ್ಯವಾಗಿ ನಗರದವರನ್ನು ಕಣ್ಣ ಮುಂದಿಟ್ಟುಕೊಂಡು ಬರೆದದ್ದು. ಈಜುಕೊಳ, ಜಿಮ್, ಮೇಕಪ್ ಅದರಲ್ಲಿ ಇರುತ್ತವೆ. ಜೋಳದ ರಾಶಿ, ಗ್ರಾನೈಟ್ ಧೂಳು, ಹೋಳಿಯ ಬಣ್ಣ, ಹಣೆಯ ವಿಭೂತಿ ಇರುವುದಿಲ್ಲ. ನಮ್ಮ ಕಡೆಯವರಿಗೆ ಬೇಕಾದದ್ದು ಇವುಗಳ ಲೆಕ್ಕ.

ಮೊದಲು, ನಿಮಗೆ ಮಾಡಿದ್ದು ಯಾವ ಲೇಸರ್?

ಪೊರೆಯ ಶಸ್ತ್ರಚಿಕಿತ್ಸೆಯಾದ ಎಷ್ಟೋ ದಿನದ ಮೇಲೆ ಮಸುಕಾದಾಗ ಹಾಕುವುದು ಯಾಗ್ ಲೇಸರ್. ಸಕ್ಕರೆ ಕಾಯಿಲೆಯವರ ಅಕ್ಷಿಪಟಲಕ್ಕೆ ಹಾಕುವ ಲೇಸರ್ ಬೇರೆ. ಅವುಗಳ ಪಥ್ಯ ಈ ಲೇಖನದ್ದಲ್ಲ. ಇಲ್ಲಿ ಹೇಳುತ್ತಿರುವುದು ಕನ್ನಡಕದ ನಂಬರ್ ತೆಗೆಯುವ ಲೇಸರ್ ಬಗ್ಗೆ ಮಾತ್ರ. ಅದರಲ್ಲೂ ಮುಖ್ಯವಾಗಿ ಮೂರು ಬಗೆ: ಲಾಸಿಕ್, ಪಿಆರ್‌ಕೆ, ಸ್ಮೈಲ್. ಡಿಸ್ಚಾರ್ಜ್ ಕಾಗದದಲ್ಲಿ ಯಾವುದೆಂದು ಬರೆದಿರುತ್ತದೆ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಮುಂದಿನ ಎಚ್ಚರಿಕೆಗಳೆಲ್ಲ ಅದರ ಮೇಲೆ ನಿಂತಿವೆ.

ಒಳಗೆ ಆಗಿದ್ದೇನು

ಈ ಚಿಕಿತ್ಸೆಯ ಬೇರಿನಲ್ಲಿ ಮದ್ರಾಸಿನಲ್ಲಿ ಹುಟ್ಟಿದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಇದ್ದಾರೆ. 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಅವರೂ ಸಂಗಡಿಗರೂ ಎಕ್ಸೈಮರ್ ಲೇಸರನ್ನು ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಣುಕಿನ ಮೇಲೆ ಬಿಟ್ಟು ನೋಡಿದರು. 193 ನ್ಯಾನೊಮೀಟರ್ ಅಲೆಯುದ್ದದ ಆ ನೇರಳಾತೀತ ಬೆಳಕು ಸುತ್ತಲಿನ ಭಾಗವನ್ನು ಸುಡದೆ, ಬಿದ್ದ ಜಾಗವನ್ನಷ್ಟೇ ಅಚ್ಚುಕಟ್ಟಾಗಿ ಕೆತ್ತಿತು. ಲಾಸಿಕ್ ಮತ್ತು ಪಿಆರ್‌ಕೆಯಲ್ಲಿ ಕಾರ್ನಿಯಾವನ್ನು ಕೆತ್ತುವುದು ಅದೇ ಬೆಳಕು.

ಕಾರ್ನಿಯಾ ಎಂದರೆ ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪದರ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಅದರೊಳಗೆ ರಕ್ತನಾಳ ಇಲ್ಲ. ಕಣ್ಣೀರಿನ ಮೂಲಕ ಗಾಳಿಯ ಆಮ್ಲಜನಕ ಹೀರಿ ಬದುಕುತ್ತದೆ. ಆದರೆ ನರದ ತುದಿಗಳು ಅಲ್ಲಿ ದಟ್ಟವಾಗಿವೆ. ಲಾಸಿಕ್‌ನಲ್ಲಿ ಕಾರ್ನಿಯಾದ ಮೇಲ್ಪದರವನ್ನು ಸುಮಾರು 100ರಿಂದ 120 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ, ಒಂದು ಅಂಚು ಮಾತ್ರ ಉಳಿಸಿ, ಪುಸ್ತಕದ ಹಾಳೆಯಂತೆ ಮಗುಚುತ್ತಾರೆ. ಒಳಭಾಗವನ್ನು ಕೆತ್ತಿ ಹಾಳೆಯನ್ನು ಮತ್ತೆ ಮುಚ್ಚುತ್ತಾರೆ. ಹೊಲಿಗೆ ಇಲ್ಲ. ಅಂಚಿನಲ್ಲಿ ಹೊಸ ಕೋಶಗಳು ಒಂದೆರಡು ದಿನದಲ್ಲಿ ಬೆಳೆದು ಬಾಯಿ ಮುಚ್ಚುತ್ತವೆ, ಅದಕ್ಕೇ ಮರುದಿನವೇ ನೋಟ ತಿಳಿಯಾಗುತ್ತದೆ. ಒಳಗಿನ ಅಂಟು ಮಾತ್ರ ನಿಧಾನ. ಆ ಪದರ ಹುಟ್ಟಿದಾಗಿನಷ್ಟು ಗಟ್ಟಿಯಾಗಿ ಮತ್ತೆಂದೂ ಕೂಡುವುದಿಲ್ಲ. ಜೋರು ಪೆಟ್ಟು ಬಿದ್ದು ವರ್ಷಗಳ ನಂತರ ಅದು ಸರಿದ ಉದಾಹರಣೆಗಳು ವೈದ್ಯಕೀಯ ದಾಖಲೆಯಲ್ಲಿವೆ.

ಇನ್ನೊಂದು ಸಂಗತಿ. ಪದರ ಕತ್ತರಿಸುವಾಗ ನರದ ತುದಿಗಳೂ ತುಂಡಾಗುತ್ತವೆ. ಕಣ್ಣು ಒಣಗಿದೆ ಎಂಬ ಸುದ್ದಿ ಮುಟ್ಟದೆ ಕಣ್ಣೀರು ಕಡಿಮೆಯಾಗುತ್ತದೆ, ರೆಪ್ಪೆ ಬಡಿಯುವುದೂ ತಗ್ಗುತ್ತದೆ. ನರ ಮತ್ತೆ ಬೆಳೆಯಲು ತಿಂಗಳುಗಳೇ ಬೇಕು. ಲೇಸರ್ ನಂತರ ಮೂರರಿಂದ ಆರು ತಿಂಗಳು ಕಣ್ಣು ಒಣಗುವುದು ಇದರಿಂದ. ಚಿಕಿತ್ಸೆ ಕೆಟ್ಟಿದೆ ಎಂದು ಹೆದರಬೇಕಿಲ್ಲ.

ಪಿಆರ್‌ಕೆಯಲ್ಲಿ ಹಾಳೆ ಮಗುಚುವ ಕೆಲಸವಿಲ್ಲ. ಮೇಲಿನ ತೆಳು ಚರ್ಮವನ್ನು ತೆಗೆದು ನೇರವಾಗಿ ಕೆತ್ತುತ್ತಾರೆ. ಆ ಚರ್ಮ ಮತ್ತೆ ಬೆಳೆಯುವ ತನಕ, ಅಂದರೆ ನಾಲ್ಕೈದು ದಿನ, ಕಣ್ಣ ಮೇಲೆ ಕಾಂಟ್ಯಾಕ್ಟ್ ಲೆನ್ಸನ್ನೇ ಪಟ್ಟಿಯಂತೆ ಇಡುತ್ತಾರೆ. ನೋವು ಹೆಚ್ಚು, ನೋಟ ಸ್ಥಿರವಾಗಲು ವಾರಗಳು ಬೇಕು. ಆದರೆ ಸರಿಯುವ ಹಾಳೆಯೇ ಇಲ್ಲವಾದ್ದರಿಂದ ಪೆಟ್ಟು ಬೀಳುವ ಕೆಲಸದವರಿಗೆ ಇದೇ ಮೇಲು ಎಂದು ಹಲವು ವೈದ್ಯರು ಹೇಳುತ್ತಾರೆ. ಸ್ಮೈಲ್‌ನಲ್ಲಿ ಎರಡರಿಂದ ನಾಲ್ಕು ಮಿಲಿಮೀಟರಿನ ಸಣ್ಣ ಕಿಂಡಿಯಿಂದ ಒಳಗಿನ ತೆಳು ಬಿಲ್ಲೆಯನ್ನು ಹೊರತೆಗೆಯುತ್ತಾರೆ. ಕತ್ತರಿಸುವ ನರ ಕಡಿಮೆ, ಒಣಗುವುದೂ ಸ್ವಲ್ಪ ಕಡಿಮೆ.

ಮೊದಲ ದಿನ ಮತ್ತು ಊರಿಗೆ ಮರಳುವ ದಾರಿ

ನಮ್ಮ ಊರುಗಳಿಂದ ಹುಬ್ಬಳ್ಳಿ ನೂರು ಕಿಲೋಮೀಟರಿಗೂ ದೂರ. ಮಧ್ಯಾಹ್ನ ಲೇಸರ್ ಮುಗಿಸಿ ಸಂಜೆಯ ಬಸ್ಸಿಗೆ ಊರು ಸೇರುವ ಯೋಚನೆ ಬೇಡ. ಮರುದಿನ ವೈದ್ಯರು ಕಣ್ಣು ನೋಡಲೇಬೇಕು. ಪದರ ಸುಕ್ಕಾಗಿದ್ದರೆ, ಸರಿದಿದ್ದರೆ ಆ ದಿನ ಸರಿಪಡಿಸುವುದು ಸುಲಭ, ವಾರದ ನಂತರ ಕಷ್ಟ.

1. ಒಂದು ರಾತ್ರಿ ಅಲ್ಲೇ ಉಳಿಯಿರಿ, ಬಂಧುಗಳ ಮನೆಯಾದರೂ ಸರಿ, ಲಾಡ್ಜ್ ಆದರೂ ಸರಿ. ಜೊತೆಗೆ ಒಬ್ಬರು ಇರಲಿ. ಪಿಆರ್‌ಕೆ ಆದವರು ಲೆನ್ಸ್ ತೆಗೆಸುವ ದಿನದ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಿ. ನಿಮ್ಮೂರಿನ ಕಣ್ಣಿನ ವೈದ್ಯರು ತೆಗೆಯಬಹುದೇ ಎಂದು ಶಸ್ತ್ರಚಿಕಿತ್ಸೆ ಮಾಡಿದವರನ್ನೇ ಕೇಳಿ.

2. ಮೊದಲ ನಾಲ್ಕಾರು ತಾಸು ಉರಿ, ನೀರು ಸುರಿಯುವುದು, ಮರಳು ಹೊಕ್ಕ ಅನುಭವ ಸಹಜ. ಕಣ್ಣು ಮುಚ್ಚಿ ಮಲಗಿಬಿಡಿ. ನಿದ್ದೆಗಿಂತ ಒಳ್ಳೆಯ ಔಷಧ ಆ ಹೊತ್ತಿಗೆ ಇಲ್ಲ. ಮುಚ್ಚಿದ ರೆಪ್ಪೆಯ ಕೆಳಗೆ ಅಂಚಿನ ಕೋಶಗಳು ಬೇಗ ಬೆಳೆಯುತ್ತವೆ.

3. ಮಲಗುವಾಗ ಆಸ್ಪತ್ರೆ ಕೊಟ್ಟ ಪ್ಲಾಸ್ಟಿಕ್ ಕವಚ ಹಾಕಿಕೊಳ್ಳಿ, ಕನಿಷ್ಠ ಒಂದು ವಾರ. ಹಗಲು ಎಚ್ಚರವಿರುವ ಕೈ, ನಿದ್ದೆಯಲ್ಲಿ ತಾನಾಗಿ ಕಣ್ಣು ಉಜ್ಜುತ್ತದೆ.

4. ಬಸ್ಸಿನಲ್ಲಿ ಕಿಟಕಿಯ ಪಕ್ಕ ಬೇಡ. ಕೂತರೂ ಗಾಜು ಮುಚ್ಚಿ, ಅಂಚು ಮುಚ್ಚಿದ ಕಪ್ಪು ಕನ್ನಡಕ ಹಾಕಿಕೊಳ್ಳಿ. ಬಾಗಲಕೋಟೆ, ಬಾದಾಮಿಯವರಿಗೆ ರೈಲಿನ ಅನುಕೂಲವಿದೆ, ಅಲುಗಾಟ, ಧೂಳು ಎರಡೂ ಕಡಿಮೆ.

ಹನಿ ಹಾಕುವ ಕ್ರಮ

ಸಾಮಾನ್ಯವಾಗಿ ಮೂರು ಬಗೆಯ ಹನಿ ಬರೆದುಕೊಡುತ್ತಾರೆ. ಸೋಂಕು ತಡೆಯಲು ಆಂಟಿಬಯೋಟಿಕ್, ಇದು ಸುಮಾರು ಒಂದು ವಾರ. ಉರಿಯೂತ ತಗ್ಗಿಸಲು ಸ್ಟಿರಾಯ್ಡ್, ಇದನ್ನು ಹಂತ ಹಂತವಾಗಿ ಕಡಿಮೆ ಮಾಡಿ ನಿಲ್ಲಿಸಬೇಕು. ಪಿಆರ್‌ಕೆಯಲ್ಲಿ ಇದು ಹೆಚ್ಚು ದಿನ ನಡೆಯುತ್ತದೆ. ಮೂರನೆಯದು ಕೃತಕ ಕಣ್ಣೀರು, ತಿಂಗಳುಗಟ್ಟಲೆ ಬೇಕು. ನಿಮ್ಮ ಚೀಟಿಯಲ್ಲಿ ಬೇರೆ ರೀತಿ ಇದ್ದರೆ ಚೀಟಿಯೇ ಸರಿ.

1. ಕೈಯನ್ನು ಸೋಪಿನಿಂದ ತೊಳೆದು ಒಣಗಿಸಿ. ಬಾಟಲಿಯ ಮೇಲೆ ಅಲುಗಾಡಿಸಿ ಬಳಸಿ ಎಂದಿದ್ದರೆ ಅಲುಗಾಡಿಸಿ. ಹಲವು ಸ್ಟಿರಾಯ್ಡ್ ಹನಿಗಳಲ್ಲಿ ಔಷಧ ತಳದಲ್ಲಿ ಕೂತಿರುತ್ತದೆ. ಅಲುಗಾಡಿಸದಿದ್ದರೆ ಬೀಳುವುದು ಬರೀ ನೀರು.

2. ತಲೆ ಹಿಂದಕ್ಕೆ ಬಾಗಿಸಿ ಕೆಳರೆಪ್ಪೆಯನ್ನು ಕೆನ್ನೆಯ ಕಡೆಗೆ ಮೆಲ್ಲಗೆ ಎಳೆದು ಆ ಸಂದಿನಲ್ಲಿ ಒಂದು ಹನಿ ಬಿಡಿ. ಗುಡ್ಡೆಯ ಮೇಲೆ ಒತ್ತಡ ಬೀಳಬಾರದು. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು.

3. ಒಂದೇ ಹನಿ ಸಾಕು. ಎರಡನೆಯದು ಕೆನ್ನೆಗೆ ಇಳಿಯುತ್ತದೆ. ಕಣ್ಣನ್ನು ಹಗುರವಾಗಿ ಮುಚ್ಚಿ ಒಂದೆರಡು ನಿಮಿಷ ಕೂರಿ, ಬಿಗಿಯಾಗಿ ಹಿಂಡಬೇಡಿ.

4. ಒಂದು ಔಷಧಕ್ಕೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡಿ. ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಹಾಕುತ್ತದೆ.

5. ಬೇಸಿಗೆಯಲ್ಲಿ ತಗಡಿನ ಚಾವಣಿಯ ಮನೆಯಲ್ಲಿ, ಬೈಕಿನ ಡಿಕ್ಕಿಯಲ್ಲಿ ಬಾಟಲಿ ಇಡಬೇಡಿ. ತೆರೆದು ಒಂದು ತಿಂಗಳಾದ ಬಾಟಲಿಯನ್ನು ಎಸೆಯಿರಿ, ಮನೆಯಲ್ಲಿ ಬೇರೆಯವರ ಕಣ್ಣಿಗೆ ಹಾಕಬೇಡಿ.

ಸ್ಟಿರಾಯ್ಡ್ ಹನಿಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಅದು ಹಾಕಿದ ಕೂಡಲೇ ಕೆಂಪು ಇಳಿಯುತ್ತದೆ, ಹಿತವೆನಿಸುತ್ತದೆ. ಹೀಗಾಗಿ ಅದೇ ಹೆಸರು ಹೇಳಿ ಮೆಡಿಕಲ್ ಅಂಗಡಿಯಿಂದ ಮತ್ತೆ ಮತ್ತೆ ತರಿಸುವವರಿದ್ದಾರೆ. ವೈದ್ಯರ ಲೆಕ್ಕ ಮೀರಿ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಗ್ಲಾಕೋಮಾದಿಂದ ಹೋದ ನೋಟವನ್ನು ಯಾವ ಲೇಸರೂ ಮರಳಿ ತರಲಾರದು.

ನಮ್ಮ ಊರುಗಳ ಮೊದಲ ತಿಂಗಳು

ಕನ್ನಡಕ ಹಾಕಿದ್ದಾಗ ಅದು ಗೊತ್ತಿಲ್ಲದೆಯೇ ಇನ್ನೊಂದು ಕೆಲಸ ಮಾಡುತ್ತಿತ್ತು: ಧೂಳನ್ನೂ ಕಲ್ಲಿನ ಚೂರನ್ನೂ ತಡೆಯುತ್ತಿತ್ತು. ಈಗ ಆ ಗಾಜು ಇಲ್ಲ, ಮೇಲಾಗಿ ಕಾರ್ನಿಯಾದ ಸ್ಪರ್ಶಜ್ಞಾನ ತಾತ್ಕಾಲಿಕವಾಗಿ ಮಂದ. ಚೂರು ಬಿದ್ದರೂ ಮೊದಲಿನಷ್ಟು ಚುಚ್ಚುವುದಿಲ್ಲ. ಇಳಕಲ್ಲಿನ ಗ್ರಾನೈಟ್ ಕ್ವಾರಿ, ಪಾಲಿಶಿಂಗ್ ಘಟಕಗಳಲ್ಲಿ ದುಡಿಯುವವರು ಕನಿಷ್ಠ ಎರಡು ವಾರ ಕೆಲಸಕ್ಕೆ ಹೋಗಬಾರದು, ಹೋದ ಮೇಲೆ ಪಕ್ಕ ಮುಚ್ಚಿದ ರಕ್ಷಣಾ ಕನ್ನಡಕವನ್ನು ಬಿಡಲೇಬಾರದು. ವೆಲ್ಡಿಂಗ್ ಮಾಡುವವರಿಗೂ ಇದೇ ಮಾತು. ನಂಬರಿನ ಕನ್ನಡಕ ಹೋಯಿತು, ಕೆಲಸದ ಕನ್ನಡಕ ಬಂತು ಎಂದುಕೊಳ್ಳಿ. ಲೇಸರಿಗೆ ಮೊದಲೇ ನಿಮ್ಮ ಕಸುಬು ಯಾವುದೆಂದು ವೈದ್ಯರಿಗೆ ವಿವರವಾಗಿ ಹೇಳುವುದೂ ಇದಕ್ಕಾಗಿಯೇ.

ಹುನಗುಂದದ ಕರಿಮಣ್ಣಿನ ಹೊಲಗಳಲ್ಲಿ ಬಿಳಿಜೋಳದ ರಾಶಿ ನಡೆಯುವ ದಿನಗಳಲ್ಲಿ ಗಾಳಿಯಲ್ಲೆಲ್ಲ ಸುಂಕು ಮತ್ತು ಹೊಟ್ಟು. ಸುಂಕು ಕಣ್ಣಿಗೆ ಬಿದ್ದರೆ ತುರಿಕೆ, ತುರಿಕೆಯಾದರೆ ಕೈ ಕಣ್ಣಿಗೆ. ಲಾಸಿಕ್ ಆದ ಮೊದಲ ತಿಂಗಳಲ್ಲಿ ಕಣ್ಣು ಉಜ್ಜುವುದಕ್ಕಿಂತ ದೊಡ್ಡ ಅಪಾಯವಿಲ್ಲ. ಹಾಳೆ ಸರಿಯಬಹುದು. ದಿನಾ ಉಜ್ಜುವ ಚಟವಿದ್ದರೆ ತೆಳುವಾದ ಕಾರ್ನಿಯಾ ಕಾಲಕ್ರಮೇಣ ಉಬ್ಬಬಹುದು. ಆದ್ದರಿಂದ ರಾಶಿ ಮುಗಿದ ಮೇಲೆ ಲೇಸರ್ ಮಾಡಿಸಿ, ಅಥವಾ ಆ ವರ್ಷದ ರಾಶಿಯನ್ನು ಮನೆಯ ಬೇರೆಯವರು ನೋಡಿಕೊಳ್ಳಲಿ. ತುರಿಕೆಗೆ ಕೃತಕ ಕಣ್ಣೀರು ಹಾಕಿ, ಮುಚ್ಚಿದ ರೆಪ್ಪೆಯ ಮೇಲೆ ತಣ್ಣನೆಯ ಶುಭ್ರ ಬಟ್ಟೆಯನ್ನು ಒತ್ತದೆ ಇಡಿ.

ಹಬ್ಬ ಜಾತ್ರೆಗಳ ವಿಷಯ. ಬಾಗಲಕೋಟೆಯ ಹೋಳಿಯಲ್ಲಿ ಬಂಡಿಗಳ ಮೇಲೆ ಬ್ಯಾರಲ್‌ಗಟ್ಟಲೆ ಬಣ್ಣ ಬರುತ್ತದೆ. ಎದುರಿಗೆ ನಿಂತವರಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ರಭಸದ ನೀರು, ರಾಸಾಯನಿಕದ ಬಣ್ಣ, ನೂಕುನುಗ್ಗಲಿನಲ್ಲಿ ಮೊಣಕೈ ತಾಗುವ ಸಂಭವ, ಮೂರೂ ಒಟ್ಟಿಗೆ. ಹೋಳಿಗೆ ಹಿಂದಿನ ಒಂದೆರಡು ತಿಂಗಳಲ್ಲಿ ಲೇಸರ್ ಆಗಿದ್ದರೆ ಆ ವರ್ಷ ಮಾಳಿಗೆಯ ಮೇಲಿಂದ ನೋಡಿ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗುವವರು ಧೂಳಿಗೆ ಕನ್ನಡಕ ಮರೆಯಬೇಡಿ. ಭಂಡಾರ ಎರಚುವ ಜಾತ್ರೆಗಳಿಂದ ದೂರವಿರಿ. ಕೂಡಲಸಂಗಮದ ಹೊಳೆಯಲ್ಲಿ, ಮಹಾಕೂಟದ ಪುಷ್ಕರಿಣಿಯಲ್ಲಿ ಮುಳುಗುವುದು ಒಂದು ತಿಂಗಳು ಬೇಡ. ಹರಿವ ನೀರಾಗಲಿ ನಿಂತ ನೀರಾಗಲಿ, ಹಸಿ ಗಾಯಕ್ಕೆ ಸೋಂಕು ತರುವ ಜೀವಿಗಳು ಎರಡರಲ್ಲೂ ಇರುತ್ತವೆ. ತಲೆಯ ಮೇಲೆ ಪ್ರೋಕ್ಷಣೆ ಮಾಡಿಕೊಂಡರೆ ಭಕ್ತಿಗೆ ಕೊರತೆಯಿಲ್ಲ.

ವಿಭೂತಿ ಧರಿಸುವವರು ಒಂದೆರಡು ವಾರ ಒಣ ಪುಡಿ ಹಚ್ಚಬೇಡಿ. ನೀರಲ್ಲಿ ಕಲಸಿ ತೆಳುವಾಗಿ, ಹುಬ್ಬಿನಿಂದ ಮೇಲಕ್ಕೆ ಹಚ್ಚಿ. ಒಣಗಿ ಉದುರಿದರೆ ಅದು ಬೀಳುವುದು ಕಣ್ಣಿಗೇ. ಕಾಡಿಗೆ ಎರಡು ವಾರ ಬೇಡ. ಎಣ್ಣೆ ಹಚ್ಚಿ ತಲೆಗೆರೆಯುವವರು ಒಂದು ವಾರ ತಡೆಯಿರಿ. ಆಮೇಲೂ ಮೊದಮೊದಲು ತಲೆ ಹಿಂದಕ್ಕೆ ಬಾಗಿಸಿ, ಬೇರೊಬ್ಬರಿಂದ ನೀರು ಹಾಕಿಸಿಕೊಳ್ಳಿ. ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಅಡುಗೆಮನೆಯನ್ನು ಸೂಚನೆಯ ಹಾಳೆಗಳು ಮರೆತೇಬಿಡುತ್ತವೆ. ಕಟ್ಟಿಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಅವ್ವನಿಗೋ ಅಕ್ಕನಿಗೋ ಲೇಸರ್ ಆಗಿದ್ದರೆ ಎರಡು ವಾರ ಹೊಗೆಯಿಂದ, ಹಂಚಿನ ಕಾವಿನಿಂದ, ಒಣಮೆಣಸಿನಕಾಯಿ ಹುರಿಯುವ ಘಾಟಿನಿಂದ ಬಿಡುಗಡೆ ಕೊಡಿ. ಗಂಡಸರಿಗೆ ಸಿಗುವ ವಿಶ್ರಾಂತಿ ಹೆಂಗಸರಿಗೆ ಸಿಗದಿರುವುದು ನಮ್ಮ ಮನೆಗಳ ದೊಡ್ಡ ಕೊರತೆ. ಕಣ್ಣಿನ ಗಾಯಕ್ಕೆ ಅದು ಗೊತ್ತಾಗುವುದಿಲ್ಲ.

ನೇಕಾರರಿಗೆ ಬೇರೆಯದೇ ತೊಡಕು. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಕೂಡಿಸುವಾಗ, ಕಸೂತಿಯ ಎಳೆ ಎಣಿಸುವಾಗ ದೃಷ್ಟಿ ನೆಟ್ಟು ಕೂರುತ್ತೇವೆ, ರೆಪ್ಪೆ ಬಡಿಯುವುದನ್ನೇ ಮರೆಯುತ್ತೇವೆ. ಮೊದಲೇ ಒಣಗಿದ ಕಣ್ಣು ಇನ್ನಷ್ಟು ಒಣಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಲಾಳಿ ನಿಲ್ಲಿಸಿ, ಇಪ್ಪತ್ತು ಅಡಿ ಆಚೆ ಇಪ್ಪತ್ತು ಸೆಕೆಂಡು ನೋಡಿ, ಪೂರ್ತಿ ರೆಪ್ಪೆ ಮುಚ್ಚಿ ತೆರೆಯಿರಿ. ಕೃತಕ ಕಣ್ಣೀರನ್ನು ಕಣ್ಣು ಉರಿದಾಗ ಹಾಕುವುದಲ್ಲ, ಉರಿಯುವ ಮೊದಲೇ ಹೊತ್ತುಹೊತ್ತಿಗೆ ಹಾಕಬೇಕು. ಫೋನು, ಕಂಪ್ಯೂಟರ್ ನೋಡುವವರಿಗೂ ಇದೇ ನಿಯಮ. ಬೇಸಿಗೆಯ ಕೂಲರ್, ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಳದಿರಲಿ.

ಬಿಸಿಲಿಗೆ ಯುವಿ ತಡೆಯುವ ಕನ್ನಡಕ ಎಲ್ಲರಿಗೂ ಬೇಕು. ಪಿಆರ್‌ಕೆ ಆದವರಿಗಂತೂ ತಿಂಗಳುಗಳ ಕಾಲ ಕಡ್ಡಾಯ. ನೇರಳಾತೀತ ಕಿರಣದಿಂದ ಮಾಯುತ್ತಿರುವ ಕಾರ್ನಿಯಾದಲ್ಲಿ ಮಬ್ಬು ಕಲೆ ಕಟ್ಟುವ ಅಪಾಯವಿದೆ. ಫುಟ್‌ಪಾತಿನ ಬರೀ ಕಪ್ಪು ಗಾಜು ಇದಕ್ಕೆ ಸಾಲದು. ಯುವಿ 400 ಎಂದು ಬರೆದಿರುವುದನ್ನು ನಂಬಿಕೆಯ ಅಂಗಡಿಯಲ್ಲಿ ಕೊಳ್ಳಿ.

ರಾತ್ರಿ ದೀಪದ ಸುತ್ತ ಬಳೆಯಂಥ ಬೆಳಕು ಕೆಲವು ವಾರ, ಒಮ್ಮೊಮ್ಮೆ ತಿಂಗಳು ಕಾಣಬಹುದು. ಹುನಗುಂದ, ಇಳಕಲ್ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಎದುರಿನ ಲಾರಿಯ ದೀಪ ಕಣ್ಣು ಕುಕ್ಕುವಾಗ ಇದು ಪ್ರಾಣಕ್ಕೆ ಬರಬಹುದು. ಹಗಲಿನ ವಾಹನಕ್ಕೂ ವೈದ್ಯರ ಒಪ್ಪಿಗೆ ಬೇಕು, ರಾತ್ರಿಯದಕ್ಕೆ ಬಳೆಗಳು ಕರಗುವ ತನಕ ಕಾಯಿರಿ.

ಸಾಮಾನ್ಯ ತಪ್ಪುಗಳು

ಕಣ್ಣಿನ ಶಸ್ತ್ರಚಿಕಿತ್ಸೆ ಎಂದರೆ ನಮ್ಮ ಹಿರಿಯರಿಗೆ ನೆನಪಾಗುವುದು ಪೊರೆ ತೆಗೆಯುವ ಶಿಬಿರ. ನಮ್ಮ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಿಗೆ ಶಿಬಿರ ಒಯ್ದು ಲಕ್ಷಾಂತರ ಬಡವರಿಗೆ ನೋಟ ಕೊಟ್ಟರು. 1968ರಲ್ಲಿ ಪದ್ಮಭೂಷಣ ಪಡೆದರು. ಆಗ ಗಾಯ ದೊಡ್ಡದು, ಅಲುಗಾಡದೆ ಮಲಗಬೇಕಿತ್ತು, ಪಥ್ಯ ಕಟ್ಟುನಿಟ್ಟು. ಆ ಕಾಲದ ನಿಯಮಗಳನ್ನು ಅಜ್ಜಿ ಪ್ರೀತಿಯಿಂದ ಇಂದಿನ ಲೇಸರಿಗೂ ಅನ್ವಯಿಸುತ್ತಾಳೆ. ಬದನೆಕಾಯಿ ನಂಜು, ಹುಳಿ ನಂಜು ಎನ್ನುತ್ತಾಳೆ. ಲೇಸರಿಗೆ ಊಟದ ಪಥ್ಯವಿಲ್ಲ, ಎಲ್ಲವನ್ನೂ ಉಣ್ಣಿ. ಹತ್ತು ದಿನ ಕತ್ತಲ ಕೋಣೆಯಲ್ಲಿ ಮಲಗುವುದೂ ಬೇಡ.

ಆದರೆ ನಂದಿಬಟ್ಟಲು ಹೂವಿನ ರಸ, ಎದೆಹಾಲು, ಜೇನು, ಔಡಲೆಣ್ಣೆ, ಗುಲಾಬಿ ನೀರು ಇವುಗಳಲ್ಲಿ ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಯಾವುದೂ ಕ್ರಿಮಿರಹಿತವಲ್ಲ. ಕೆಲವರಂತೂ ತಂಪಾಗಲೆಂದು ನಲ್ಲಿ ನೀರು ಚಿಮುಕಿಸುತ್ತಾರೆ, ಅದೂ ತಪ್ಪೇ.

ಪಿಆರ್‌ಕೆಯ ಲೆನ್ಸ್ ಬಿದ್ದುಹೋದರೆ ಅದನ್ನೇ ತೊಳೆದು ಹಾಕಿಕೊಳ್ಳಬೇಡಿ, ವೈದ್ಯರಿಗೆ ಫೋನ್ ಮಾಡಿ. ಪಕ್ಕದ ಮನೆಯವರಿಗೆ ಎರಡೇ ದಿನಕ್ಕೆ ಕಂಡಿತು, ನನಗೇಕೆ ಇಲ್ಲ ಎಂದು ಕೊರಗಬೇಡಿ. ಅವರದು ಲಾಸಿಕ್, ನಿಮ್ಮದು ಪಿಆರ್‌ಕೆ ಇರಬಹುದು. ಸೇನೆ, ಪೊಲೀಸ್ ನೇಮಕಾತಿಗಾಗಿ ಲೇಸರ್ ಮಾಡಿಸುವ ಹುಡುಗರು ಅಧಿಸೂಚನೆಯ ಕಣ್ಣಿನ ನಿಯಮವನ್ನು ಮೊದಲೇ ಓದಬೇಕು. ಹುದ್ದೆಯಿಂದ ಹುದ್ದೆಗೆ ನಿಯಮ ಬೇರೆ, ಮಾಡಿಸಿದ ಮೇಲೆ ಹಿಂದಿರುಗುವ ದಾರಿ ಇಲ್ಲ. ನಲವತ್ತು ದಾಟಿದವರಿಗೆ ಓದುವ ಕನ್ನಡಕ ಬಂದರೆ ಅದು ಲೇಸರಿನ ದೋಷವಲ್ಲ. ಅದು ವಯಸ್ಸಿನೊಂದಿಗೆ ಕಣ್ಣಿನೊಳಗಿನ ಮಸೂರ ಬಿಗಿಯುವುದರಿಂದ ಬರುವಂಥದ್ದು.

ತಡಮಾಡದೆ ಹೋಗಬೇಕಾದ ಸಂದರ್ಭ

ದಿನ ಕಳೆದಂತೆ ನೋವು ಇಳಿಯಬೇಕು. ಏರಿದರೆ ಅಪಾಯ. ಕೆಂಪು ಹೆಚ್ಚುವುದು, ಬೆಳಕು ಸಹಿಸಲಾಗದಿರುವುದು, ಪಿಸರು ಅಥವಾ ಕೀವು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ, ತಿಳಿಯಾಗಿದ್ದ ನೋಟ ಥಟ್ಟನೆ ಮಸುಕಾಗುವುದು, ಮಗುವಿನ ಕೈಯೋ ಎಮ್ಮೆಯ ಬಾಲವೋ ಕಣ್ಣಿಗೆ ಬಡಿಯುವುದು, ಇವುಗಳಲ್ಲಿ ಒಂದಾದರೂ ಬೆಳಗಾಗುವ ತನಕ ಕಾಯಬೇಡಿ. ಮೊದಲ ವಾರ ಹಾಳೆಯ ಕೆಳಗೆ ಬರುವ ಉರಿಯೂತ ಬೇಗ ಗುರುತಿಸಿದರೆ ಹನಿಯಲ್ಲೇ ವಾಸಿಯಾಗುತ್ತದೆ, ತಡವಾದರೆ ಕಲೆ ಉಳಿಯಬಹುದು. ಕಣ್ಣಿಗೆ ಕವಚ ಹಾಕಿ, ಒತ್ತದೆ, ಕಟ್ಟದೆ ಹೊರಡಿ. ಹುಬ್ಬಳ್ಳಿ ದೂರವಾದರೆ ಮೊದಲ ತಪಾಸಣೆಗೆ ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆ, ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ ಇವೆ. ಯಾವ ಲೇಸರ್, ಯಾವ ದಿನ ಆಯಿತು ಎಂದು ಮೊದಲ ಮಾತಿನಲ್ಲೇ ಹೇಳಿ. ಸುಣ್ಣವೋ ಕೀಟನಾಶಕವೋ ಬಿದ್ದರೆ ಮಾತ್ರ ನೀರು ತಾಗಬಾರದೆಂಬ ನಿಯಮ ಮರೆತು, ಆ ಕ್ಷಣವೇ ಶುದ್ಧ ನೀರನ್ನು ಸಣ್ಣ ಧಾರೆಯಾಗಿ ಹದಿನೈದು ನಿಮಿಷವಾದರೂ ಬಿಟ್ಟು ತೊಳೆದು ಓಡಿ.

ಎಸೆಯಬಾರದ ಕಾಗದ

ನೋಟ ಸ್ಥಿರವಾದ ಮೇಲೆ ಹಳೆಯ ಕನ್ನಡಕದ ಜೊತೆ ಫೈಲನ್ನೂ ಎಸೆಯುವವರು ಬಹಳ. ಆ ಫೈಲಿನಲ್ಲಿ ಲೇಸರಿಗೆ ಮೊದಲಿನ ನಂಬರ್, ಕಾರ್ನಿಯಾದ ದಪ್ಪ ಮತ್ತು ಬಾಗುವಿಕೆಯ ಅಳತೆ ಇರುತ್ತವೆ. ತೆಳುವಾದ ಕಾರ್ನಿಯಾದ ಮೇಲೆ ಕಣ್ಣಿನ ಒತ್ತಡ ಅಳೆದರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಲೇಸರ್ ಆಗಿರುವುದು ಗೊತ್ತಿಲ್ಲದ ವೈದ್ಯರು ಗ್ಲಾಕೋಮಾ ಇಲ್ಲವೆಂದು ಕಳಿಸಿಬಿಡಬಹುದು. ಮುಂದೆ ವಯಸ್ಸಾಗಿ ಪೊರೆ ಬಂದಾಗ ಒಳಗೆ ಕೂರಿಸುವ ಲೆನ್ಸಿನ ನಂಬರ್ ಲೆಕ್ಕ ಹಾಕಲೂ ಈ ಹಳೆಯ ಅಳತೆಗಳು ನೆರವಾಗುತ್ತವೆ. ಫೈಲನ್ನು ಜಮೀನಿನ ಪಹಣಿ, ಮಕ್ಕಳ ಅಂಕಪಟ್ಟಿ ಇಡುವ ಪೆಟ್ಟಿಗೆಯಲ್ಲೇ ಇಡಿ, ಫೋನಿನಲ್ಲೂ ಒಂದು ಚಿತ್ರ ತೆಗೆದುಕೊಳ್ಳಿ, ಮನೆಯ ಇನ್ನೊಬ್ಬರಿಗೂ ಅದು ಎಲ್ಲಿದೆ ಎಂದು ಹೇಳಿರಿ.